ಬರ್ಲಿನ್ ಡಿಫೆನ್ಸ್‌ನಲ್ಲಿ 14 ನಡೆಗೇ ಡ್ರಾ: ತಪ್ಪಿಸೋದು ಯಾರ ಕೈಲಿದೆ?

ಎಫ್6ಕುದುರೆ:
ಚೆಸ್ ಟೂರ್ನಮೆಂಟ್‌ಗಳಲ್ಲಿ ಪದೇ ಪದೇ ಕಾಣೋ ಬರ್ಲಿನ್ ಡಿಫೆನ್ಸ್ (3ನೇ ನಡೆಯಲ್ಲಿ ಕಪ್ಪು ಕುದುರೆಯನ್ನು ಎಫ್6ಕ್ಕೆ ತರೋ ಆರಂಭ) ಆಟ ಇದು, × ಅಂದರೆ ಹೊಡೆತ: 1.ಇ4 ಇ5 2.ಕುದುರೆ ಎಫ್3, ಕುದುರೆ ಸಿ6 3.ಬಿಷಪ್ ಬಿ5, ಕುದುರೆ ಎಫ್6 4.ಕ್ಯಾಸಲಿಂಗ್, ಕುದುರೆ×ಇ4 5.ಡಿ4, ಕುದುರೆ ಡಿ6 6.ಡಿ×ಇ5, ಕುದುರೆ×ಬಿ5 7.ಎ4, ಬಿ5 ಕುದುರೆ ಡಿ4 8.ಕುದುರೆ×ಡಿ4, ಕುದುರೆ×ಡಿ4 9.ರಾಣಿ×ಡಿ4, ಡಿ5 10.ಇ×ಡಿ6, ರಾಣಿ×ಡಿ6 11.ರಾಣಿ ಇ4 ಚೆಕ್, ರಾಣಿ ಇ6 12.ರಾಣಿ ಡಿ4, ರಾಣಿ ಡಿ6. ಆಮೇಲೆ ಅದೇ ನಡೆಗಳು, ಒಂದೇ ಸ್ಥಿತಿ ಮೂರು ಸಲ ಬಂದು ಡ್ರಾ. ಇಬ್ಬರಲ್ಲಿ ಒಬ್ಬರೂ ಯಾಕೆ ಬೇರೆ ದಾರಿ ಹಿಡಿಯಲ್ಲ? ಡ್ರಾ ಕೇಳೋದು ಯಾವಾಗ?

ಎರಡುಬಿಷಪ್:
ಬಿಳಿ 12ರಲ್ಲಿ ರಾಣಿ ಬದಲಾಯಿಸಿದರೆ ಕಪ್ಪಿನ ಬಿಷಪ್ ಇ6ಕ್ಕೆ ಪುಕ್ಕಟೆ ಬರುತ್ತೆ. ತೆರೆದ ಬೋರ್ಡಿನಲ್ಲಿ ಬಿಷಪ್ ಜೋಡಿ ಕಪ್ಪಿನದು, ಬಿಳಿಯ ಕುದುರೆ ಇನ್ನೂ ಬಿ1ರಲ್ಲೇ. ಬದಲಾಯಿಸದೆ 12.ರಾಣಿ ಡಿ4, ರಾಣಿ ಡಿ6 ಆದಮೇಲೆ 13.ಆನೆ ಇ1 ಚೆಕ್ ಕೊಟ್ಟರೂ ಬಿಷಪ್ ಇ6ಕ್ಕೆ ಅಡ್ಡ ಬರುತ್ತೆ, ಬಿಳಿ ರಾಣಿ ಹೊಡೆತದಲ್ಲೇ ಉಳಿಯುತ್ತೆ.

ಕಪ್ಪಿಗೂ ಬಿಡುವಿಲ್ಲ. 12.ರಾಣಿ ಡಿ4 ಆದಮೇಲೆ ಕಪ್ಪು ರಾಣಿಯನ್ನು ಸರಿಸದಿದ್ದು, ಬಿಳಿಯ ಆನೆ ಇ1ಕ್ಕೆ ಬಂದರೆ ಇ6ರ ರಾಣಿ ರಾಜನ ಮುಂದೆ ಸಿಕ್ಕಿಬೀಳುತ್ತೆ. 10ರಲ್ಲಿ ಬಿಷಪ್‌ನಿಂದ ಡಿ6 ಹೊಡೆದರೆ ಜಿ7 ಕಾಲಾಳು ಹೋಯ್ತು. ಇದು ಬಿಳಿ ಬಯಸಿ ತೆಗೆದುಕೊಳ್ಳೋ ಡ್ರಾ.

ಸ್ಕೋರ್‌ಶೀಟ್:
ಎಣಿಕೆಯಲ್ಲೇ ಬಹಳ ಜನ ತಪ್ಪೋದು. ಮೊದಲ ಸಲ ಆ ಸ್ಥಿತಿ ಬರೋದು ಕಪ್ಪಿನ 10ನೇ ನಡೆ ಮುಗಿದಾಗ, ಆಮೇಲೆ 12, 14. ಕಪ್ಪು ಕೇಳೋದಾದರೆ 14ನೇ ನಡೆಯನ್ನು ಸ್ಕೋರ್‌ಶೀಟ್‌ನಲ್ಲಿ (ನಡೆ ಬರೆಯೋ ಹಾಳೆ) ಬರೆದು, ಕಾಯಿ ಮುಟ್ಟದೆ, ಆರ್ಬಿಟರ್‌ಗೆ (ತೀರ್ಪುಗಾರರಿಗೆ) ಹೇಳಬೇಕು. ಕಾಯಿ ಮುಟ್ಟಿದರೆ ಆ ಸರದಿಯ ಹಕ್ಕು ಹೋಯ್ತು. ನಡೆ ಆಡಿಬಿಟ್ಟರೆ ಕೇಳೋ ಸರದಿ ಬಿಳಿಯದು. ಎಣಿಕೆ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಸೇರುತ್ತೆ, ಬರೆದ ನಡೆಯನ್ನೇ ಆಡಬೇಕು. 30 ನಡೆಗೆ ಮುಂಚೆ ಒಪ್ಪಂದದ ಡ್ರಾ ಬೇಡ ಅನ್ನೋ ಟೂರ್ನಮೆಂಟ್‌ನಲ್ಲೂ ಪುನರಾವರ್ತನೆಯ ಡ್ರಾ ನಡೆಯುತ್ತೆ. ಈ ಲೈನ್ ಇಷ್ಟು ಚಾಲ್ತಿಯಲ್ಲಿರೋದು ಅದಕ್ಕೇ.

ಎಫ್6ಕುದುರೆ:
ಕಪ್ಪಿಗೆ ಗೆಲುವೇ ಬೇಕಿದ್ದರೆ?

ಎರಡುಬಿಷಪ್:
4ನೇ ನಡೆಯಲ್ಲೇ ಇ4 ಹೊಡೆಯದೆ ಬಿಷಪ್ ಸಿ5 ಆಡಿ. ಇಲ್ಲವೇ 7ರಲ್ಲಿ ಡಿ6: ಬಿಳಿ 8.ಇ6 ತಳ್ಳಿ ಕಾಲಾಳು ಕೊಟ್ಟು ಬಿ5ರ ಕುದುರೆ ಹೊಡೆಯುತ್ತೆ, ಆಟ ಬಿಸಿಯಾಗುತ್ತೆ. ಬಿಳಿಗೆ ಗೆಲ್ಲೋ ಮನಸ್ಸಿದ್ದರೆ 4.ಡಿ3, ಅಥವಾ 6.ಬಿಷಪ್×ಸಿ6 ಆಡಿ ರಾಣಿಗಳಿಲ್ಲದ ಎಂಡ್‌ಗೇಮ್. ಆದರೆ 2000ದ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಬಿಳಿ ಆಡಿದ ಕಾಸ್ಪರೋವ್‌ಗೆ ಕಪ್ಪಿನ ಕ್ರಾಮ್ನಿಕ್ ಎದುರು ಒಡೆಯಲಾಗದ ಗೋಡೆ ಆ ಎಂಡ್‌ಗೇಮ್.