ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಈಸೋಪನ ನರಿ ಬಂತು, ಏನು ಉತ್ತರ ಕೊಡಲಿ?

ಜೆ.ಪಿ. ನಗರದವಳು:
ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕೊಟ್ಟ ದುಡ್ಡಿಗೆ ಸರಿಯಾದ ಲೆಕ್ಕ ಇಲ್ಲ. ಖಜಾಂಚಿಯನ್ನು ಬದಲಿಸೋಣ ಎಂದು ನಾವು ಕೆಲವರು ಕೇಳಿದೆವು. ಆಗ ಮೇಲಿನ ಮಹಡಿಯ ರಿಟೈರ್ಡ್ ಮೇಷ್ಟ್ರು ಈಸೋಪನ ಕತೆ ತೆಗೆದರು. ಹೊಳೆ ದಾಟುತ್ತಿದ್ದ ನರಿ ಕೊರಕಲಲ್ಲಿ ಸಿಕ್ಕಿಬಿತ್ತಂತೆ. ಮೈತುಂಬ ಉಣ್ಣೆ ಹುಳ. ಮುಳ್ಳುಹಂದಿ ಬಂದು "ಕಿತ್ತು ಹಾಕಲಾ?" ಎಂದಿತು. "ಬೇಡಪ್ಪ, ಇವುಗಳ ಹೊಟ್ಟೆ ತುಂಬಿದೆ. ಇವನ್ನು ಕಿತ್ತರೆ ಹಸಿದವು ಬಂದು ಉಳಿದ ರಕ್ತವನ್ನೂ ಹೀರುತ್ತವೆ" ಎಂದಿತು ನರಿ. ಎಲ್ಲರೂ ನಕ್ಕರು, ಖಜಾಂಚಿ ಎಲ್ಲರಿಗಿಂತ ಜೋರಾಗಿ. ನನಗೆ ಮೈ ಉರಿಯಿತು. ಮಗನ ಪುಸ್ತಕದಲ್ಲಿ ಈ ಕತೆಯೇ ಇಲ್ಲ. ಮೇಷ್ಟ್ರು ಸುಮ್ನೆ ಕಟ್ಟಿದ್ದಾ?

ಹಳೇ ಓದುಗ:
ಕಟ್ಟಿದ್ದಲ್ಲ ಮೇಡಂ. ಭಾಷಣ ಕಲೆಯ ಬಗ್ಗೆ ಬರೆಯುತ್ತಾ ಅರಿಸ್ಟಾಟಲ್ ಇದನ್ನು ಈಸೋಪನ ಹೆಸರಲ್ಲೇ ಹೇಳಿದ್ದಾನೆ. ಸಾಮೋಸ್ ದ್ವೀಪದಲ್ಲಿ ಒಬ್ಬ ಪುಢಾರಿಯ ಮೇಲೆ ಕೇಸು, ಸೋತರೆ ತಲೆ ಹೋಗುತ್ತಿತ್ತು. ಈಸೋಪ ಅವನ ಪರ ನಿಂತ. ಇವನು ಆಗಲೇ ಶ್ರೀಮಂತ, ಇವನನ್ನು ಕೊಂದರೆ ಇಲ್ಲದವರು ಬಂದು ಬೊಕ್ಕಸ ಖಾಲಿ ಮಾಡುತ್ತಾರೆ ಎಂದು ವಾದಿಸಿದ. ಮಕ್ಕಳಿಗೆ ಹೇಳಿದ ನೀತಿ ಅಲ್ಲ ಇದು, ಕಕ್ಷಿದಾರನನ್ನು ಉಳಿಸುವ ಮಾತು. ಕತೆಯ ಕೊನೆಗೆ 'ನೀತಿ' ಎಂಬ ಸಾಲು ಅಂಟಿಸಿದ್ದು ಆಮೇಲಿನವರು.

ಅದೇ ಅಧ್ಯಾಯದಲ್ಲಿ ಇನ್ನೊಂದು ಕತೆ ಇದೆ, ಸಿಸಿಲಿಯ ಹಿಮೆರಾ ಊರಿನದು. ಜನ ಫಲಾರಿಸ್ ಎಂಬ ನಾಯಕನಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದರು, ಮೈಗಾವಲನ್ನೂ ಕೊಡಲು ಹೊರಟಿದ್ದರು. ಆಗ ಕವಿ ಸ್ಟೆಸಿಕೊರಸ್ ಹೇಳಿದ್ದು: ಜಿಂಕೆ ಹುಲ್ಲುಗಾವಲು ಹಾಳು ಮಾಡಿತೆಂದು ಕುದುರೆ ಮನುಷ್ಯನ ಸಹಾಯ ಕೇಳಿತು. ಕಡಿವಾಣ ಹಾಕಿಸಿಕೋ, ಬೆನ್ನ ಮೇಲೆ ಕೂರಿಸಿಕೋ ಎಂದ ಅವನು. ಕುದುರೆ ಒಪ್ಪಿತು, ಅವನ ಆಳಾಗಿ ಉಳಿಯಿತು. ಖಜಾಂಚಿ ಮೇಲಿನ ಸಿಟ್ಟಿಗೆ ಎಲ್ಲವನ್ನೂ ಮೇಂಟೆನೆನ್ಸ್ ಕಂಪನಿ ಕೈಗೆ ಕೊಡೋಣ ಎನ್ನುವವರು ನಿಮ್ಮಲ್ಲೂ ಇರುತ್ತಾರೆ, ಅಲ್ವಾ? ಅವರಿಗೆ ಇದು.

ನಾಯಿ ಸಾಕಿದವನು:
ಗ್ರೀಕರ ವಿಷಯ ನನಗೆ ಬೇಡ, ಉಣ್ಣೆ ವಿಷಯ ಕೇಳಿ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಅಲ್ಲೇ ತೆಪ್ಪಗೆ ಕೂರುವುದಿಲ್ಲ. ಉದುರಿ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಬಿಟ್ಟಷ್ಟೂ ಜಾಸ್ತಿ. ಇದನ್ನು ಮೇಷ್ಟ್ರಿಗೆ ಹೇಳಿ.

ಜೆ.ಪಿ. ನಗರದವಳು:
ಹೇಳುತ್ತೇನೆ! ಕುದುರೆ ಕತೆ ನಮ್ಮೆಜಮಾನರಿಗೂ ಬೇಕು. ಕಂಪನಿಗೆ ಕೊಡೋಣ ಎಂದವರೇ ಅವರು.