ಆವಣಿಯ ಶಾಸನ ತೆರೆಯಲು ಹೋದರೆ ದೂರಸಂಪರ್ಕ ಇಲಾಖೆಯ ಫಲಕ: ಇಂಟರ್ನೆಟ್ ಆರ್ಕೈವ್ ನೋಡುವುದು ಅಪರಾಧವೇ?

ಮುಳಬಾಗಿಲು ಜೆರಾಕ್ಸ್ (ಆಗಸ್ಟ್ 2017)

ಮುಳಬಾಗಿಲಿನಲ್ಲಿ ನನ್ನದೊಂದು ಸಣ್ಣ ಸೈಬರ್ ಅಂಗಡಿ. ಪಹಣಿ, ಹಾಲ್ ಟಿಕೆಟ್, ಜಾತಿ ಪ್ರಮಾಣಪತ್ರದ ಅರ್ಜಿ, ಇವೇ ನನ್ನ ಅನ್ನ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾತ್ರ ಬೇರೆ ಬಗೆಯ ಗಿರಾಕಿ. ರೈಸ್ ಸಾಹೇಬರು 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳು, ಅವರಿಗೆ ಕಂತು ಕಂತಾಗಿ ಬೇಕು. ಒಂದು ಶಾಸನಕ್ಕೆ ಮೂರು ಕಡೆ ಪುಟ ಹುಡುಕಬೇಕು: ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ. ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕುಳಿತು "ಮುಂದಿನ ಪುಟ, ಮುಂದಿನ ಪುಟ" ಎನ್ನುತ್ತಿರುತ್ತಾರೆ.

ಈ ವಾರ ನಮ್ಮ ತಾಲ್ಲೂಕಿನ ಆವಣಿಯ ತ್ರಿಭುವನಕರ್ತಾರದೇವನ ಸರದಿ. ನಲವತ್ತು ವರ್ಷ ಆವಣಿಯ ಸ್ಥಾನವನ್ನು, ಅಂದರೆ ಅಲ್ಲಿನ ಧರ್ಮಪೀಠವನ್ನು ಆಳಿ, ಐವತ್ತು ದೇವಸ್ಥಾನ ಕಟ್ಟಿಸಿ, ಎರಡು ದೊಡ್ಡ ಕೆರೆ ಮಾಡಿಸಿದ ಗುರು. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಪುಕ್ಕಟೆ ಓದಲು ಸಿಗುವ ಇಂಟರ್ನೆಟ್ ಆರ್ಕೈವ್ ತಾಣ ಒತ್ತಿದರೆ ಆ ಗುರು ಬರಲಿಲ್ಲ, ಇಂಗ್ಲಿಷಿನ ಎರಡು ಸಾಲು ಬಂದವು: ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ ಈ ವಿಳಾಸವನ್ನು ತಡೆಹಿಡಿಯಲಾಗಿದೆ, ಹೆಚ್ಚಿನ ವಿವರಕ್ಕೆ ನಿರ್ವಾಹಕರನ್ನು ಸಂಪರ್ಕಿಸಿ. ಯಾವ ನಿರ್ವಾಹಕರು? ಈ ಅಂಗಡಿಗೆ ನಿರ್ವಾಹಕನೂ ನಾನೇ, ಕಸ ಗುಡಿಸುವವನೂ ನಾನೇ.

ಮೇಷ್ಟ್ರ ಮೊಬೈಲಿನಲ್ಲಿ ಅದೇ ತಾಣ ಸಲೀಸಾಗಿ ತೆರೆಯಿತು. ಆದರೂ ನನಗೆ ಅಳುಕು. 2011ರ ಸೈಬರ್ ಕೆಫೆ ನಿಯಮದಂತೆ ಯಾರು ಯಾವ ತಾಣ ನೋಡಿದರು ಎಂಬ ದಾಖಲೆಯನ್ನು ಒಂದು ವರ್ಷ ಇಟ್ಟುಕೊಳ್ಳಬೇಕು. ನಾಳೆ ಯಾರಾದರೂ ಬಂದು "ಸರ್ಕಾರ ತಡೆದ ತಾಣ ನಿನ್ನ ದಾಖಲೆಯಲ್ಲಿ ಏಕಿದೆ" ಎಂದು ಕೇಳಿದರೆ ಏನು ಹೇಳಲಿ? ಮುದ್ರಿಸಿಕೊಡಬಹುದೇ, ಬಾರದೇ?

ಕೋಲಾರದ ಕರಿಕೋಟು

ಧಾರಾಳವಾಗಿ ಮುದ್ರಿಸಿಕೊಡಿ. ಅದು 1905ರ ಸರ್ಕಾರಿ ಪ್ರಕಟಣೆ. ಹಕ್ಕುಸ್ವಾಮ್ಯ ತೀರಿ ಅರ್ಧ ಶತಮಾನ ದಾಟಿದೆ.

ಫಲಕದಲ್ಲಿ ಇಲಾಖೆಯ ಹೆಸರಿದ್ದ ಮಾತ್ರಕ್ಕೆ ತೀರ್ಮಾನ ಇಲಾಖೆಯದೇ ಎಂದಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ಎ ಕಲಮಿನಡಿ ಸರ್ಕಾರವೇ ತಡೆಯಬಹುದು. 2009ರ ನಿಯಮಾವಳಿಯ 16ನೇ ನಿಯಮದಂತೆ ಅದೆಲ್ಲ ಗೋಪ್ಯ. ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ, ಅಂತರ್ಜಾಲದ ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ಕೊಡುತ್ತಿದ್ದ 66ಎ ರದ್ದು ಮಾಡಿತು, 69ಎ ಉಳಿಸಿತು. ಆದರೆ ನಿಮ್ಮ ತೊಂದರೆ ಇದಲ್ಲ. ಇದು ನ್ಯಾಯಾಲಯದ ಆದೇಶ. ಹಿಂದಿ ಸಿನಿಮಾ ನಿರ್ಮಾಪಕರು ಹೊಸ ಚಿತ್ರದ ನಕಲು ಹರಡದಂತೆ ಮದ್ರಾಸ್ ಹೈಕೋರ್ಟಿಗೆ ಹೋಗಿ, ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳ ಪಟ್ಟಿಗೆ ತಡೆ ತಂದಿದ್ದಾರೆ. ಆ ರಾಶಿಯಲ್ಲಿ ಆರ್ಕೈವ್ ಕೂಡ ಸೇರಿಕೊಂಡಿದೆ. ಇಂಥ ದಾವೆಯಲ್ಲಿ ಪ್ರತಿವಾದಿ ಯಾರೆಂದೇ ಗೊತ್ತಿರುವುದಿಲ್ಲ. "ಅಶೋಕ್ ಕುಮಾರ್" ಎಂದು ಬರೆದುಕೊಳ್ಳುತ್ತಾರೆ. ತಡೆಗೆ ಕಾರಣವೇನೆಂದು ತಮಗೇ ಯಾರೂ ತಿಳಿಸಿಲ್ಲ ಎಂದು ಆರ್ಕೈವ್‌ನವರು ಹೇಳಿದ್ದಾರೆ.

ಅಳುಕಿನ ವಿಷಯ: 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲರು, ನಕಲಿ ಸಿನಿಮಾವನ್ನೇ ಆದರೂ ಬರಿದೆ ನೋಡುವುದು ಅಪರಾಧವಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಫಲಕದಲ್ಲಿ ದಾವೆಯ ವಿವರ ಇರಬೇಕು, ಇಡೀ ತಾಣವನ್ನು ಸುಮ್ಮನೆ ಮುಚ್ಚಬಾರದು ಎಂಬುದೂ ಅವರ ಆದೇಶಗಳಲ್ಲಿದೆ. ನಿಮಗೆ ಬಂದದ್ದು ನಾಮಗೋತ್ರವಿಲ್ಲದ ಫಲಕ.

ಬಾಗೇಪಲ್ಲಿ ಬಾಲ್ಕನಿ

ಎಲ್ಲರೂ ಸಿನಿಮಾದವರನ್ನೇ ಬೈಯುತ್ತೀರಿ. ನಾನು ಚಿತ್ರಮಂದಿರದಲ್ಲಿ ಕೆಲಸ ಮಾಡುವವನು. ಶುಕ್ರವಾರ ಬಿಡುಗಡೆಯಾದ ಚಿತ್ರ ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿ ಸಿಗುತ್ತದೆ. ಭಾನುವಾರದ ಮ್ಯಾಟಿನಿಗೆ ಬೆಂಚು ಖಾಲಿ. ಮೊದಲ ಮೂರು ದಿನದಲ್ಲೇ ದುಡ್ಡು ಹುಟ್ಟಬೇಕು. ಒಂದೊಂದು ವಿಳಾಸ ಹುಡುಕಿ ನೋಟಿಸ್ ಕೊಡುತ್ತ ಕೂತರೆ ಅಷ್ಟರಲ್ಲಿ ಚಿತ್ರ ಎತ್ತಂಗಡಿ. ಆರ್ಕೈವ್‌ನಲ್ಲೂ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದಲ್ಲವೇ?

ಕೋಲಾರದ ಕರಿಕೋಟು

ಏರಿಸಬಹುದು. ದೂರು ಕೊಟ್ಟರೆ ಅವರು ತೆಗೆಯುತ್ತಾರೆ ಕೂಡ. ನಿಮ್ಮ ನಷ್ಟ ಸುಳ್ಳೆಂದು ನಾನು ಹೇಳಲಿಲ್ಲ. ಆದರೆ ಆ ಪಟ್ಟಿ ತಯಾರಿಸಿದವರು ಪ್ರತಿ ತಾಣ ತೆರೆದು ನೋಡಿದ್ದರೆ ರೈಸ್ ಸಾಹೇಬರು ಅಲ್ಲಿ ಸಿಕ್ಕಿಬೀಳುತ್ತಿರಲಿಲ್ಲ.

ಚಿಂತಾಮಣಿ ಕೇಬಲ್

ತಾಂತ್ರಿಕ ಭಾಗ ನಾನು ಹೇಳುತ್ತೇನೆ. ತಡೆ ಹಾಕುವುದು ನಮ್ಮಂಥ ಊರಿನ ಕೇಬಲ್‌ನವರಲ್ಲ, ನಮಗೆ ಸಂಪರ್ಕ ಕೊಡುವ ಮೇಲಿನ ಕಂಪನಿ. ಪ್ರತಿ ಕಂಪನಿಯೂ ತನ್ನ ಪಾಡಿಗೆ ಪಟ್ಟಿ ಹಾಕಿಕೊಳ್ಳುವುದರಿಂದ ಬ್ರಾಡ್‌ಬ್ಯಾಂಡಿನಲ್ಲಿ ಮುಚ್ಚಿದ್ದು ಮೊಬೈಲಿನಲ್ಲಿ ತೆರೆದಿರುತ್ತದೆ.

ವಿಳಾಸದ ಆರಂಭದಲ್ಲಿ ಬರಿಯ ಎಚ್‌ಟಿಟಿಪಿ ಇದ್ದರೆ ನೀವು ಯಾವ ಪುಟ ಕೇಳಿದಿರಿ ಎಂಬುದು ಕಂಪನಿಗೆ ಪೂರ್ತಿ ಕಾಣುತ್ತದೆ. ನಡುವೆ ಫಲಕ ತೂರಿಸುವುದೂ ಸುಲಭ. ಎಚ್‌ಟಿಟಿಪಿಎಸ್ ಆದರೆ ಪತ್ರ ಲಕೋಟೆಯೊಳಗಿದ್ದಂತೆ: ಯಾವ ತಾಣಕ್ಕೆ ಎಂದು ಗೊತ್ತಾಗುತ್ತದೆ, ಯಾವ ಪುಟ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ನ್ಯಾಯಾಲಯ "ಆ ಒಂದು ಪುಟ ಮಾತ್ರ ತಡೆಯಿರಿ" ಎಂದರೂ ಕಂಪನಿಗೆ ಉಳಿಯುವುದು ಎರಡೇ, ಇಡೀ ತಾಣ ಮುಚ್ಚು ಅಥವಾ ಸುಮ್ಮನಿರು. ಮುಚ್ಚಿದರೆ ಅವರನ್ನು ಕೇಳುವವರಿಲ್ಲ. 2014ರ ಡಿಸೆಂಬರಿನಲ್ಲೂ 32 ವಿಳಾಸ ತಡೆದಾಗ ಪ್ರೋಗ್ರಾಂ ಹಂಚುವ ಗಿಟ್‌ಹಬ್, ವಿಡಿಯೊ ತಾಣ ವಿಮಿಯೊ ಜೊತೆ ಇದೇ ಆರ್ಕೈವ್ ಹೋಗಿತ್ತು. ಆಗ ಕೊಟ್ಟ ಕಾರಣ ಭಯೋತ್ಪಾದಕರ ಪ್ರಚಾರ, ಈಗ ಸಿನಿಮಾ.

ಈ ಸಲ ಬರಿಯ ಎಚ್‌ಟಿಟಿಪಿಗೆ ಮಾತ್ರ ಫಲಕ ಹಾಕಿದಂತಿದೆ; ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದು ಸೇರಿಸಿ ನೋಡಿ. ನನ್ನಲ್ಲಿ ತೆರೆಯುತ್ತಿದೆ.

ಮುಳಬಾಗಿಲು ಜೆರಾಕ್ಸ್

ತೆರೆಯಿತು, ಚಿಂತಾಮಣಿಯವರೇ. ಒಂದು ಅಕ್ಷರ ಸೇರಿಸಿದ್ದಕ್ಕೆ ಕೇಂದ್ರ ಸರ್ಕಾರದ ಫಲಕ ಮಾಯ! ಮೇಷ್ಟ್ರು ನಗಲಿಲ್ಲ. ಅವರ ಸಿಟ್ಟು ಬೇರೆ: ನಮ್ಮ ತೆರಿಗೆ ಹಣದಲ್ಲಿ ಬೆಂಗಳೂರಿನ ಐಐಎಸ್‌ಸಿ ನೇತೃತ್ವದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿತು, ಅವುಗಳ ಪ್ರತಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಆರ್ಕೈವ್ ಜೋಪಾನ ಮಾಡಿತು, ಈಗ ಅಲ್ಲಿಗೆ ಹೋಗುವ ದಾರಿಗೆ ನಾವೇ ಬೇಲಿ ಹಾಕಿದೆವು. "ಆವಣಿಯ ಕಲ್ಲು ಮಳೆಗೆ ಸವೆಯುತ್ತಿದೆ, ಓದಬೇಕೆಂದರೆ ಈ ಪುಟವೇ ಗತಿ" ಎಂದರು.

ಬಾಗೇಪಲ್ಲಿಯವರೇ, ನನ್ನ ಅಂಗಡಿಗೂ ಸಿನಿಮಾ ತುಂಬಿಕೊಡಿ ಎಂದು ಹುಡುಗರು ಬರುತ್ತಾರೆ, ವಾಪಸ್ ಕಳಿಸುತ್ತೇನೆ. ಅವರು ನೇರ ಮೊಬೈಲ್ ಅಂಗಡಿಗೆ ಹೋಗುತ್ತಾರೆ. ಅವರಲ್ಲಿ ಒಬ್ಬನೂ ಆರ್ಕೈವ್ ಹೆಸರು ಎತ್ತಿದ್ದಿಲ್ಲ.

ದಾಖಲೆ ಪುಸ್ತಕದಲ್ಲಿ ಮೇಷ್ಟ್ರ ಹೆಸರು, ಹೊತ್ತು, ತಾಣ ಎಲ್ಲ ಬರೆದಿದ್ದೇನೆ; ಮುಂದೆ "ಶಾಸನ, ಆವಣಿ" ಎಂದೂ ಸೇರಿಸಿದ್ದೇನೆ. ಕರಿಕೋಟಿನವರೇ, ಆ ಮದ್ರಾಸ್ ಆದೇಶದ ಪ್ರತಿ ಸಿಕ್ಕರೆ ಇಲ್ಲಿ ಹಾಕಿ. ಮುದ್ರಿಸಿ ಗೋಡೆಗೆ ಅಂಟಿಸುತ್ತೇನೆ. ಯಾರಾದರೂ ಪ್ರತಿ ಕೇಳಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಪಟ್ಟಿ ಸಮೇತ ಕೇಳಿದರೆ ಮಾತ್ರ ಕಾಗದದ ಖರ್ಚು ಕೊಡಬೇಕಾಗುತ್ತದೆ.