ಐರಿಷ್ ಪೋಲ್ಕಾ ನುಡಿಸಿದರೆ ಕವಾಯತಿನಂತೆ ಕೇಳಿಸುತ್ತಿದೆ, ಏಕೆ?

ಪ್ರಶ್ನೆ:
ಎರಡು ತಿಂಗಳಿಂದ ಪಿಟೀಲಿನಲ್ಲಿ ಐರ್ಲೆಂಡಿನ ಬ್ಯಾಲಿಡೆಸ್ಮಂಡ್ ಊರಿನ ಹೆಸರು ಹೊತ್ತ ಪೋಲ್ಕಾವೊಂದನ್ನು (ಆವರ್ತಕ್ಕೆ ಎರಡು ಪೆಟ್ಟಿನ ಕುಣಿತದ ಮಟ್ಟು) ಅಭ್ಯಾಸ ಮಾಡುತ್ತಿದ್ದೇನೆ. ಎಂಟೆಂಟು ಆವರ್ತಗಳ ಎರಡೇ ಭಾಗಗಳಿದ್ದು, ಪ್ರತಿಯೊಂದನ್ನೂ ಎರಡು ಸಲ ನುಡಿಸಬೇಕಾಗಿರುವುದರಿಂದ ಮಟ್ಟು ಬೇಗನೆ ಬಾಯಿಪಾಠವಾಯಿತು. ಒಂದು ಸ್ವರವೂ ತಪ್ಪುವುದಿಲ್ಲ. ಆದರೂ ಧ್ವನಿಮುದ್ರಿಸಿಕೊಂಡು ಕೇಳಿದರೆ ಸಿಪಾಯಿಗಳ ಕವಾಯತು ನೆನಪಾಗುತ್ತದೆ. ವೇಗ ಹೆಚ್ಚಿಸಿದಷ್ಟೂ ಗಡಿಬಿಡಿಯಾಗುತ್ತದೆಯೇ ಹೊರತು ಕುಣಿತ ಬರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ 1:
ತಪ್ಪಿರುವುದು ಬೆರಳಿನಲ್ಲಲ್ಲ, ಕಮಾನು ಹಿಡಿದ ಕೈಯಲ್ಲಿ ಎಂದು ನನ್ನ ಊಹೆ. ಪೋಲ್ಕಾದ ಒಂದು ಆವರ್ತವನ್ನು ‘ತಕದಿಮಿ’ ಎಂದು ಹೇಳಿಕೊಳ್ಳಿ. ಪಾದ ನೆಲಕ್ಕೆ ಬೀಳುವುದು ‘ತ’ ಮತ್ತು ‘ದಿ’ಗೆ, ನೀವು ಕಮಾನಿನ ಭಾರವನ್ನೂ ಅಲ್ಲಿಯೇ ಹಾಕುತ್ತಿರಬೇಕು, ಹಾಗಾಗಿಯೇ ಕವಾಯತು. ಕಾರ್ಕ್ ಮತ್ತು ಕೆರಿ ಪ್ರಾಂತಗಳ ಗಡಿಯಲ್ಲಿರುವ ಸ್ಲೀವ್ ಲೂಕ್ರ ಸೀಮೆಯ ವಾದಕರು ಪಾದ ಮೇಲೆದ್ದಾಗ ಬರುವ ‘ಕ’ ಮತ್ತು ‘ಮಿ’ಗಳನ್ನು ಒತ್ತಿ ನುಡಿಸುತ್ತಾರೆ. ಇದನ್ನು ಸಾಧಿಸಲು ಒಂದು ದಾರಿಯೆಂದರೆ, ‘ಕ’ದಲ್ಲಿ ಕಮಾನಿನ ದಿಕ್ಕು ಬದಲಿಸಿ ಅದೇ ಎಳೆತದಲ್ಲಿ ‘ದಿ’ಯನ್ನೂ ಮುಗಿಸುವುದು, ‘ಮಿ’ಯಲ್ಲಿ ಮತ್ತೆ ಬದಲಿಸಿ ಮುಂದಿನ ಆವರ್ತದ ‘ತ’ವನ್ನು ಅದಕ್ಕೇ ಸೇರಿಸಿಕೊಳ್ಳುವುದು. ಮೊದಲಿಗೆ ಕೈ ಮೊಂಡು ಹಿಡಿಯುತ್ತದೆ. ಮಟ್ಟನ್ನು ಬದಿಗಿಟ್ಟು ಒಂದೇ ತಂತಿಯ ಮೇಲೆ, ನಿಮಿಷಕ್ಕೆ 70 ಪೆಟ್ಟುಗಳಷ್ಟು ನಿಧಾನವಾಗಿ ಇದನ್ನೇ ರೂಢಿಸಿಕೊಳ್ಳಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದನ್ನು ಉದ್ದಕ್ಕೂ ಪಾಲಿಸಿದರೆ ಇನ್ನೊಂದು ಬಗೆಯ ಕವಾಯತಾದೀತು. ಆ ಸೀಮೆಯ ಗುರು ಪಾಡ್ರಿಗ್ ಓ ಕೀಫ್ (1887–1963) ಶಿಷ್ಯರಿಗೆ ಬರೆದುಕೊಡುತ್ತಿದ್ದ ಲಿಪಿಯಲ್ಲಿ ನಾಲ್ಕು ತಂತಿಗಳಿಗೆ ಸ್ವರಲಿಪಿಯ ಐದು ಗೆರೆಗಳ ನಡುವಿನ ನಾಲ್ಕು ಜಾಗಗಳೂ ಬೆರಳುಗಳಿಗೆ ಅಂಕಿಗಳೂ ಇದ್ದವು. ಬೆರಳು ಎಲ್ಲಿ ಕೂರಬೇಕೆಂಬುದನ್ನು ಹೀಗೆ ಕಾಗದದ ಮೇಲೆ ಕೊಡಬಹುದು, ಒತ್ತನ್ನು ಮಾತ್ರ ಕಿವಿಯಿಂದಲೇ ಪಡೆಯಬೇಕು. ಅವರ ಶಿಷ್ಯರಾದ ಡೆನಿಸ್ ಮರ್ಫಿ ಮತ್ತು ಅವರ ತಂಗಿ ಜೂಲಿಯಾ ಕ್ಲಿಫರ್ಡ್ ಜೊತೆಯಾಗಿ ನುಡಿಸಿದ ಧ್ವನಿಮುದ್ರಣಗಳನ್ನು, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಪಾದ ತಟ್ಟುತ್ತಾ ಒಂದು ವಾರ ಕೇಳಿ. ಇದು ಸೆಟ್ ನೃತ್ಯದ, ಅಂದರೆ ಜೋಡಿಗಳು ಗುಂಪಾಗಿ ಕುಣಿಯುವ ನೃತ್ಯದ ಸಂಗೀತ. ಕುಣಿಯುವವರ ಕಾಲನ್ನು ನೆಲದಿಂದ ಎಬ್ಬಿಸುವುದೇ ಇದರ ಕೆಲಸ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸ್ವರಲಿಪಿಯನ್ನು ಮುಚ್ಚಿಟ್ಟು ಹತ್ತು ದಿನ ಪ್ರಯತ್ನಿಸಿದೆ. ಮೊದಲ ಭಾಗದಲ್ಲಿ ಒತ್ತು ತಾನಾಗಿಯೇ ಸರಿಯಾದ ಕಡೆ ಬೀಳತೊಡಗಿದೆ; ಎರಡನೆಯ ಭಾಗದಲ್ಲಿ ತಂತಿಯಿಂದ ತಂತಿಗೆ ದಾಟುವಾಗ ಕೈ ಹಳೆಯ ಚಾಳಿಗೆ ಮರಳುತ್ತದೆ.

ಉತ್ತರ 1:
ದಾಟುವ ಆ ಎರಡು ಸ್ವರಗಳನ್ನಷ್ಟೇ ಬಿಡಿಸಿಕೊಂಡು, ಹಿಂದಿನ ಒಂದು ಸ್ವರವನ್ನೂ ಸೇರಿಸಿ, ಪಾದ ತಟ್ಟುತ್ತಲೇ ನುಡಿಸಿ ನೋಡಿ. ಪಾದ ನಿಂತಿತೆಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.